ಎರಡು ಕೆಲಸ ಒಟ್ಟಿಗೆ: ಯಾವುದರ ಜೊತೆ ಯಾವುದು?

ಪುಸ್ತಕಗಳ ಕರಡು ತಿದ್ದುವುದು, ಅನುವಾದ, ಮೇಲ್‌ಗಳಿಗೆ ಉತ್ತರ, ಬಿಲ್ ಬರೆಯುವುದು. ಇಷ್ಟೂ ನನ್ನೊಬ್ಬಳ ತಲೆಗೇ ಬರುತ್ತವೆ. ಹಾಗಾಗಿ ‘ಒಂದು ಹೊತ್ತಿಗೆ ಒಂದೇ ಕೆಲಸ ಮಾಡಿ’ ಎಂದು ಯಾರಾದರೂ ಬುದ್ಧಿ ಹೇಳಿದರೆ ಸ್ವಲ್ಪ ರೇಗುತ್ತದೆ. ಹಾಗೆ ಬದುಕೋಕೆ ಎಷ್ಟು ಜನಕ್ಕೆ ಆಗುತ್ತೆ? ಅದಕ್ಕೇ ಯಾವುದರ ಜೊತೆ ಯಾವುದು ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಅಂತ ನಾನೇ ನೋಡುತ್ತಾ ಬಂದೆ.

ಕರಡು ತಿದ್ದುವಾಗ ಇದು ಬೇಗ ಗೊತ್ತಾಗುತ್ತದೆ. ‘ಚಿನ್ನದ ಬೆಳೆ ಏರಿತು’ ಎಂದು ಅಚ್ಚಾಗಿದೆ ಅಂದುಕೊಳ್ಳಿ. ಇರಬೇಕಾದದ್ದು ‘ಬೆಲೆ’. ಎರಡೂ ಸರಿಯಾದ ಪದಗಳೇ, ಸ್ಪೆಲ್‌ಚೆಕ್ ಹಿಡಿಯುವುದಿಲ್ಲ. ಕಣ್ಣು ಅಕ್ಷರದ ಮೇಲೆ ನಿಂತರೆ ಮಾತ್ರ ಸಿಗುತ್ತದೆ. ಪಕ್ಕದಲ್ಲಿ ಯಾರೋ ಮಾತಾಡುತ್ತಿದ್ದರೆ, ಅಥವಾ ಸಾಹಿತ್ಯ ಇರುವ ಹಾಡು ಬರುತ್ತಿದ್ದರೆ, ಮನಸ್ಸು ಅರ್ಥ ಊಹಿಸಿಕೊಂಡು ಮುಂದೆ ಓಡಿಬಿಡುತ್ತದೆ. ಬರೀ ವಾದ್ಯ ಸಂಗೀತ ಇದ್ದರೆ ಅಷ್ಟು ತೊಂದರೆಯಿಲ್ಲ. ಅದೇ ಪಾತ್ರೆ ತೊಳೆಯುವಾಗ ಒಂದು ಗಂಟೆಯ ಭಾಷಣವನ್ನೂ ಆರಾಮಾಗಿ ಕೇಳುತ್ತೇನೆ. ಕೈಗೆ ರೂಢಿಯಾದ ಕೆಲಸಕ್ಕೆ ಮಾತು ಬೇಕಾಗಿಲ್ಲ. ಎರಡು ಕೆಲಸಕ್ಕೂ ಮಾತೇ ಬೇಕಾದಾಗ ಜಗಳ ಶುರು.

ಆದರೆ ನಾವು ‘ಒಟ್ಟಿಗೆ ಮಾಡುತ್ತೇನೆ’ ಅನ್ನುವುದರಲ್ಲಿ ಜಾಸ್ತಿ ಪಾಲು ಒಂದರಿಂದ ಇನ್ನೊಂದಕ್ಕೆ ಹಾರುವುದೇ ಅಲ್ವಾ? ಇದನ್ನು ಆರ್ಥರ್ ಜರ್ಸಿಲ್ಡ್ ಎಂಬ ಮನೋವಿಜ್ಞಾನಿ 1927ರಲ್ಲೇ ಅಳೆದು ನೋಡಿದ್ದರು. ಸಂಖ್ಯೆಗಳ ಪಟ್ಟಿ ಕೊಟ್ಟು ಒಂದಕ್ಕೆ ಕೂಡಿಸಿ, ಮುಂದಿನದರಲ್ಲಿ ಕಳೆಯಿರಿ ಎಂದರೆ, ಇಡೀ ಪಟ್ಟಿಯನ್ನು ಒಂದೇ ಥರ ಮಾಡುವುದಕ್ಕಿಂತ ನಿಧಾನವಾಗುತ್ತಿತ್ತು. ನನಗೆ ಹಿಡಿಸಿದ್ದು ಅದರ ಇನ್ನೊಂದು ಭಾಗ. ಸಂಖ್ಯೆ ಬಂದರೆ ಲೆಕ್ಕ, ಪದ ಬಂದರೆ ಅದರ ವಿರುದ್ಧ ಪದ ಎಂದಾಗ ಆ ನಷ್ಟ ಕಾಣಲಿಲ್ಲ. ಮುಂದಿರುವ ವಸ್ತುವೇ ‘ಈಗ ಮಾಡಬೇಕಾದದ್ದು ಇದು’ ಎಂದು ಹೇಳಿಬಿಡುತ್ತಿತ್ತು.

ನಾನು ಇದನ್ನೇ ಹಿಡಿದುಕೊಂಡೆ. ಕರಡನ್ನು ಕಾಗದದ ಮೇಲೆಯೇ ತಿದ್ದುತ್ತೇನೆ, ಕೆಂಪು ಪೆನ್ನಿನಲ್ಲಿ. ಅನುವಾದ ಕಂಪ್ಯೂಟರಿನಲ್ಲಿ. ಬಿಲ್ಲು, ಲೆಕ್ಕ ಎಲ್ಲ ಬೇರೆ ಮೇಜಿನಲ್ಲಿ. ಮೊದಲು ಮೂರೂ ಒಂದೇ ಪರದೆ ಮೇಲೆ ಇದ್ದವು. ಅನುವಾದ ಮಾಡುತ್ತಾ ಮಾಡುತ್ತಾ ತಿದ್ದೋಕೆ ಶುರು ಮಾಡಿಬಿಡುತ್ತಿದ್ದೆ. ಮೊದಲ ಪ್ಯಾರಾ ನಯವಾಗುತ್ತಿತ್ತು, ಎರಡನೆಯದು ಹುಟ್ಟುತ್ತಲೇ ಇರಲಿಲ್ಲ. ಈಗ ಕುರ್ಚಿ ಬದಲಾದರೆ ಕೆಲಸವೂ ಬದಲಾಗುತ್ತದೆ.

ಫೋನನ್ನು ಮಾತ್ರ ತಪ್ಪಿಸಿಕೊಳ್ಳೋಕೆ ಆಗುವುದಿಲ್ಲ. ಕೆಲವರು ಮೇಲ್ ಕಳಿಸಿ, ಅದು ಬಂತಾ ಅಂತ ಕೇಳೋಕೆ ಫೋನ್ ಮಾಡುತ್ತಾರೆ! ರಿಂಗ್ ಆದರೆ ಎತ್ತುವ ಮುಂಚೆ ನಿಂತ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಗೀಟು, ಜೊತೆಗೆ ಅರ್ಧ ವಾಕ್ಯ: ‘ಈ ಹೆಸರಿನ ಕಾಗುಣಿತ 3ನೇ ಅಧ್ಯಾಯದಲ್ಲಿ ಹೇಗಿದೆ ನೋಡು’. ಬರೀ ಗೀಟು ಹಾಕಿದರೆ ಸಾಲು ಸಿಗುತ್ತದೆ, ಯೋಚನೆ ಸಿಗುವುದಿಲ್ಲ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದ್ದೂ ಹೆಚ್ಚುಕಡಿಮೆ ಇದನ್ನೇ. ಮುಗಿಯದ ಕೆಲಸ ಬಿಟ್ಟು ಎದ್ದರೆ ಗಮನದ ಒಂದು ಪಾಲು ಅಲ್ಲೇ ಉಳಿದುಬಿಡುತ್ತದಂತೆ. ಚೀಟಿ ಬರೆದಿಟ್ಟ ಮೇಲೆ ಫೋನಿನಲ್ಲಿರುವವರ ಮಾತು ನನಗೂ ಸರಿಯಾಗಿ ಕೇಳಿಸುತ್ತದೆ.

‘ನನಗೆ ಎಲ್ಲ ಒಟ್ಟಿಗೆ ಆಗುತ್ತೆ’ ಅನ್ನುವ ಗೆಳತಿಯರೂ ಇದ್ದಾರೆ. ಅಂಥವರು ಇಲ್ಲವೇ ಇಲ್ಲ ಅಂತಲ್ಲ. 2010ರಲ್ಲಿ ವಾಟ್ಸನ್ ಮತ್ತು ಸ್ಟ್ರೇಯರ್ ಎಂಬಿಬ್ಬರು 200 ಜನರನ್ನು ಕಾರು ಓಡಿಸಿದಂತೆಯೇ ಅನ್ನಿಸುವ ಸಿಮ್ಯುಲೇಟರ್ ಯಂತ್ರದಲ್ಲಿ ಕೂರಿಸಿ, ಫೋನಿನಲ್ಲಿ ನೆನಪು ಮತ್ತು ಲೆಕ್ಕದ ಪರೀಕ್ಷೆ ಕೊಟ್ಟರು. ಶೇಕಡಾ 2.5ರಷ್ಟು ಜನ ಎರಡರಲ್ಲೂ ಹಿಂದೆ ಬೀಳಲಿಲ್ಲ. ನಾನಂತೂ ಆ ಗುಂಪಿನವಳಲ್ಲ.

ಅನುವಾದದಲ್ಲಿ ಒಂದು ವಾಕ್ಯ ಗಂಟುಬಿದ್ದಾಗ ಮಾತ್ರ ನನ್ನ ನಿಯಮವನ್ನು ನಾನೇ ಮುರಿಯುತ್ತೇನೆ. ಅದರ ಮುಂದೆ ಸುಮ್ನೆ ಕೂತರೆ ಬರುವುದಿಲ್ಲ. ಎದ್ದು ಹೋಗಿ ಬಿಲ್ ಬರೆಯುತ್ತೇನೆ. ಎಷ್ಟೋ ಸಲ ಜಿಎಸ್‌ಟಿ ಲೆಕ್ಕ ಮುಗಿಯುವಷ್ಟರಲ್ಲಿ ವಾಕ್ಯ ಬಿಡಿಸಿಕೊಂಡಿರುತ್ತದೆ. ಬರದಿದ್ದರೂ ಬಿಲ್ ಆದರೂ ಹೋಗಿರುತ್ತದೆ.