ಡಬಲ್ ಅಕ್ಷರ ಕಂಡ ಸೆಂಟ್‌ಗೆಲ್ಲ ಬೆಲೆ ಇಲ್ಲ

ಅಮೆರಿಕದ ಹಳೇ ಲಿಂಕನ್ ಸೆಂಟ್ (ಲಿಂಕನ್ ಚಿತ್ರವಿರುವ ನಾಣ್ಯ) ಕೂಡಿಡುವವರು ಗಮನಿಸಿ. ಅಕ್ಷರ ಎರಡೆರಡಾಗಿ ಕಂಡ ಕೂಡಲೇ ದುಡ್ಡು ಕೊಡಬೇಡಿ.

ಬೆಲೆ ಇರುವುದು 'ಡಬಲ್ಡ್ ಡೈ' ನಾಣ್ಯಕ್ಕೆ, ಅದರಲ್ಲಿ ತಪ್ಪು ಇರುವುದು ನಾಣ್ಯ ಒತ್ತುವ ಅಚ್ಚಿನಲ್ಲೇ. ಹಿಂದೆ ಅಚ್ಚು ತಯಾರಿಸುವಾಗ ಚಿತ್ರವನ್ನು ಒಂದಕ್ಕಿಂತ ಹೆಚ್ಚು ಸಲ ಒತ್ತುತ್ತಿದ್ದರು. ಎರಡನೇ ಸಲ ಸ್ವಲ್ಪ ತಿರುಗಿದರೂ ಎರಡು ಗುರುತು ಉಳಿಯುತ್ತಿತ್ತು. ಇದನ್ನೇ ಹೋಲುವ 'ಮಷೀನ್ ಡಬ್ಲಿಂಗ್‌'ನಲ್ಲಿ ಅಚ್ಚು ಸರಿಯಾಗೇ ಇರುತ್ತದೆ. ನಾಣ್ಯ ಒತ್ತುವ ಹೊತ್ತಿಗೆ ಅದು ಅಲುಗಾಡಿ ಅಕ್ಷರದ ಅಂಚನ್ನು ಸವರಿಬಿಡುತ್ತದೆ, ಅಷ್ಟೆ.

10 ಪಟ್ಟಿನ ಭೂತಗನ್ನಡಿ ಹಿಡಿದು, ನಾಣ್ಯವನ್ನು ಬೆಳಕಿಗೆ ಓರೆ ಮಾಡಿ ನೋಡಿ. ಎರಡನೇ ಗೆರೆ ಚಪ್ಪಟೆಯಾಗಿ, ಮೆಟ್ಟಿಲಿನ ಹಾಗೆ ತಗ್ಗಿನಲ್ಲಿದ್ದು, ಮೂಲ ಅಕ್ಷರ ಸಣಕಲಾಗಿದ್ದರೆ ಅದು ಮಷೀನ್ ಡಬ್ಲಿಂಗ್. ಅಸಲಿಯಲ್ಲಿ ಅಕ್ಷರ ದಪ್ಪಗಾಗಿರುತ್ತದೆ, ಎರಡನೆಯದೂ ದುಂಡಗೆ ಉಬ್ಬಿರುತ್ತದೆ, ಅಕ್ಷರದ ತುದಿಗಳಲ್ಲಿ ಸೀಳು ಕಾಣುತ್ತದೆ.

1969ರ 'ಎಸ್' (ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆಯ ಗುರುತು) ಸೆಂಟ್‌ಗಂತೂ ಸುಲಭದ ಪರೀಕ್ಷೆ ಇದೆ. ಆಗ ಟಂಕಸಾಲೆಯ ಗುರುತನ್ನು ಪ್ರತಿ ಅಚ್ಚಿಗೂ ಆಮೇಲೆ ಕೈಯಿಂದ ಬೇರೆಯಾಗಿ ಹೊಡೆಯುತ್ತಿದ್ದರು. ಹಾಗಾಗಿ ಅಸಲಿಯಲ್ಲಿ ಇಸವಿ, 'ಲಿಬರ್ಟಿ' ಎಂಬ ಪದ ಎರಡೆರಡಾಗಿ ಕಂಡರೂ 'ಎಸ್' ಒಂದೇ. 'ಎಸ್' ಕೂಡ ಇಸವಿಯ ಜೊತೆ ಅದೇ ದಿಕ್ಕಿಗೆ ಜರುಗಿದ್ದರೆ ಕೈಬಿಡಿ.

1955ರ ಅಸಲಿಗೆ ಭೂತಗನ್ನಡಿಯೇ ಬೇಡ, ಬರಿಗಣ್ಣಿಗೇ ಇಸವಿ ಎರಡಾಗಿ ಕಾಣುತ್ತದೆ. ಕೊನೆಯ 5 ಮಾತ್ರ ಮಸುಕಾಗಿ ಎರಡಾಗಿದ್ದರೆ ಅದು ಸವೆದ ಅಚ್ಚಿನ ಕೆಲಸ. 'ಬಡವರ ಡಬಲ್ಡ್ ಡೈ' ಅಂತ ಹೆಸರಿಟ್ಟು ಮಾರುತ್ತಾರೆ, ಸುಮ್ನೆ ಜಾಸ್ತಿ ಕೊಡಬೇಡಿ. ಈ ಎರಡು ಇಸವಿಗೂ ನಕಲಿ ನಾಣ್ಯಗಳಿವೆ. ದೊಡ್ಡ ಮೊತ್ತ ಕೊಡುವುದಾದರೆ ನಾಣ್ಯ ಪರೀಕ್ಷಿಸುವ ಸಂಸ್ಥೆಗಳಾದ ಪಿಸಿಜಿಎಸ್ ಅಥವಾ ಎನ್‌ಜಿಸಿ ಪರೀಕ್ಷಿಸಿ ಸೀಲ್ ಮಾಡಿದ್ದನ್ನೇ ಕೊಳ್ಳಿ.