ನ್ಯೂಟ್‌ಗೆ ದಪ್ಪ ಎರೆಹುಳು ತಿನ್ನಿಸಿದ ನನ್ನ ಅನುಭವ

ಉಡುಪಿ ಹತ್ತಿರ, ಹಿರಿಯಡ್ಕದ ಕಡೆ ನಮ್ಮ ಮನೆ. ಮೂರು ವರ್ಷದಿಂದ ಎರಡು ನ್ಯೂಟ್ ಸಾಕುತ್ತಿದ್ದೇನೆ. ಚೀನಾ ಮೂಲದ ಜಾತಿ. ಕೆಂಪು ಹೊಟ್ಟೆ, ಅದರ ಮೇಲೆ ಕಪ್ಪು ಮಚ್ಚೆ, ಬಾಲ ಸೇರಿ 8 ಸೆಂ.ಮೀ. ನೋಡಲು ಹಲ್ಲಿಯ ಹಾಗೆ, ಆದರೆ ಕಪ್ಪೆಯ ಬಳಗ. ಅಂಗಡಿಯ ಒಣ ಕಾಳನ್ನು ಮೂಸಿಯೂ ನೋಡುತ್ತಿರಲಿಲ್ಲ. ಅವಕ್ಕೆ ಅಲುಗಾಡುವ ತಿಂಡಿಯೇ ಬೇಕು.

ಮಳೆಗಾಲದಲ್ಲಿ ಬಾಳೆಬುಡ ಅಗೆದರೆ ಎರೆಹುಳು ಬೇಕಾದಷ್ಟು ಸಿಗುತ್ತದೆ. ತುಳುವಿನಲ್ಲಿ ನಕ್ಕುರು. ಚಿಕ್ಕವರಿದ್ದಾಗ ಗಾಳಕ್ಕೆ ಸಿಕ್ಕಿಸುತ್ತಿದ್ದೆವಲ್ಲ, ಅದೇ. ಗೇಣುದ್ದದ ಒಂದನ್ನು ಹಾಗೇ ನ್ಯೂಟ್‌ಗಳಿರುವ ನೀರಿನ ತೊಟ್ಟಿಗೆ ಬಿಟ್ಟೆ. ಒಂದು ನ್ಯೂಟ್ ಈ ತುದಿ ಹಿಡಿಯಿತು, ಇನ್ನೊಂದು ಆ ತುದಿ. ಎರಡೂ ಗಿರಗಿರ ಸುತ್ತಿದವು. ಆ ಗಡಿಬಿಡಿಯಲ್ಲಿ ಒಂದರ ಮುಂಗಾಲು ಇನ್ನೊಂದರ ಬಾಯಿಗೆ ಹೋಯಿತು. ನನ್ನ ಎದೆ ಧಸಕ್ ಅಂದಿತು. ಹುಳ ಎಳೆಯಲು ಕೈ ಹಾಕಿದವನು ಹಿಂದೆ ತೆಗೆದೆ. ಎಳೆದರೆ ಅವುಗಳ ಬಾಯಿಗೇ ಪೆಟ್ಟು. ಸುಮ್ನೆ ಕಾದೆ. ಹತ್ತು ನಿಮಿಷದಲ್ಲಿ ಎರಡೂ ಉಗುಳಿದವು, ಕಾಲಿಗೆ ಏನೂ ಆಗಿರಲಿಲ್ಲ. ಹುಳ ಮಾತ್ರ ಕಲ್ಲಿನಡಿ ಸೇರಿ ಸತ್ತಿತು. ಬೆಳಿಗ್ಗೆ ನೀರು ನಾರುತ್ತಿತ್ತು.

ಅವತ್ತಿನಿಂದ ತುಂಡು ಮಾಡದೆ ಕೊಟ್ಟಿಲ್ಲ. ಹುಳವನ್ನು ಒಂದು ದಿನ ಒದ್ದೆ ಕಾಗದದಲ್ಲಿ ಇಟ್ಟರೆ ಹೊಟ್ಟೆಯ ಮಣ್ಣು ಹೋಗುತ್ತದೆ. ಆಮೇಲೆ ಕ್ಲೋರಿನ್ ಇಲ್ಲದ ಬಾವಿ ನೀರಲ್ಲಿ ತೊಳೆಯುತ್ತೇನೆ. ಡಬ್ಬಿಯನ್ನು ಸ್ವಲ್ಪ ಹೊತ್ತು ಐಸ್ ಮೇಲೆ ಇಟ್ಟರೆ ಹುಳ ಮಂಕಾಗುತ್ತದೆ. ಕತ್ತರಿಸುವಾಗ ಈಗಲೂ ಮನಸ್ಸಿಗೆ ಕಷ್ಟ, ಅದಕ್ಕೇ ಹೀಗೆ. ತುಂಡಿನ ದಪ್ಪ ನ್ಯೂಟ್‌ನ ಎರಡು ಕಣ್ಣಿನ ನಡುವಿನ ಅಂತರ ಮೀರಬಾರದು. ದಪ್ಪ ಹುಳವಾದರೆ ಬಾಲದ ಕಡೆಯ ಸಪೂರ ಭಾಗ ಮಾತ್ರ ಕೊಡುತ್ತೇನೆ. ಮೊಂಡು ತುದಿಯ ಚಿಮಟದಲ್ಲಿ ಹಿಡಿದು ಮೂತಿಯ ಮುಂದೆ ಮೆಲ್ಲಗೆ ಆಡಿಸಿದರೆ ಗಬಕ್ಕನೆ ಹಿಡಿಯುತ್ತವೆ. ಒಂದನ್ನು ತೊಟ್ಟಿಯ ಈ ಮೂಲೆಗೆ, ಇನ್ನೊಂದನ್ನು ಆ ಮೂಲೆಗೆ ಕರೆದು ತಿನ್ನಿಸುತ್ತೇನೆ. ವಾರಕ್ಕೆ ಮೂರು ಸಲ ಸಾಕು.

ಹುಳ ಎಲ್ಲಿಂದ ತಂದದ್ದು ಅನ್ನುವುದು ಇನ್ನೂ ಮುಖ್ಯ. ನಮ್ಮೂರಲ್ಲಿ ಕೊಳೆರೋಗಕ್ಕೆ ಅಡಿಕೆಗೆ ಬೋರ್ಡೋ ಮದ್ದು ಬಿಡುತ್ತಾರಲ್ಲ, ಅದರಲ್ಲಿ ಮೈಲುತುತ್ತ ಇರುತ್ತದೆ. ತಾಮ್ರದ ಅಂಶ ಕಪ್ಪೆಗೂ ನ್ಯೂಟ್‌ಗೂ ವಿಷ. ಹಾಗಾಗಿ ಎಷ್ಟೇ ದಪ್ಪ ಹುಳ ಕಂಡರೂ ಅಡಿಕೆ ತೋಟದ್ದು ಮುಟ್ಟುವುದಿಲ್ಲ. ಎರೆಗೊಬ್ಬರದ ಕೆಂಪು ಹುಳವೂ ಬೇಡ. ಕತ್ತರಿಸಿದರೆ ಹಳದಿ ರಸ ಬಿಡುತ್ತದೆ, ಕೆಟ್ಟ ವಾಸನೆ. ನನ್ನವು ಬಾಯಿಗೆ ಹಾಕಿ ತಕ್ಷಣ ಉಗುಳಿದವು.

ತಿನ್ನಿಸುವ ಮೊದಲೂ ಆಮೇಲೂ ಕೈ ತೊಳೆಯಬೇಕು. ಅವುಗಳ ಚರ್ಮದಲ್ಲೂ ವಿಷ ಇದೆ. ಮಕ್ಕಳಿರುವ ಮನೆಯಲ್ಲಿ ಇದು ಮರೆಯಬಾರದು.

ಏಪ್ರಿಲ್ ಬಂದರೆ ಬೇರೆ ಕಷ್ಟ. ಹುಳ ಮಣ್ಣಿನ ಆಳಕ್ಕೆ ಇಳಿಯುತ್ತದೆ. ಸೆಕೆಗೆ ನ್ಯೂಟ್‌ಗಳೂ ತಿನ್ನುವುದು ಕಡಿಮೆ ಮಾಡುತ್ತವೆ. ನಮ್ಮ ಕರಾವಳಿಯ ಗಾಳಿಯಲ್ಲೇ ತೇವ ಜಾಸ್ತಿ ಅಲ್ವಾ, ಫ್ಯಾನ್ ಇಟ್ಟರೂ ನೀರು ಅಷ್ಟಾಗಿ ತಣ್ಣಗಾಗುವುದಿಲ್ಲ. ಐಸ್ ಕಟ್ಟಿದ ಬಾಟಲಿ ತೇಲಿಬಿಡುತ್ತೇನೆ. ಮಳೆಗಾಲದಲ್ಲಿ ಹಿಡಿದ ಹುಳ ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ಹಿತ್ತಲಿನ ಮಣ್ಣು, ಕೊಳೆತ ಹಲಸಿನೆಲೆಯ ನಡುವೆ ಇವೆ. ಅವು ಮೇ ತಿಂಗಳವರೆಗೂ ಸಾಕಾಗುತ್ತವೆ.