ಅರೇಬಿಕಾ ಗುಡ್ಡಕ್ಕೆ ರೊಬಸ್ಟಾ ಹತ್ತಿಸಿದ್ದು

'ಏನ್ ಮಾರಾಯ, ಅಪ್ಪ ಇಟ್ಟ ಅರೇಬಿಕಾ ಕಾಫಿ ಕಿತ್ತು ರೊಬಸ್ಟಾ ಇಡ್ತೀಯಾ? ತಲೆ ಸರಿ ಇದ್ಯಾ?' 2017ರಲ್ಲಿ ಹೀಗೆ ಕೇಳಿದ್ದ ದೊಡ್ಡಪ್ಪ ಮೊನ್ನೆ ಜೀಪು ತಗೊಂಡು ಸಸಿ ಕೇಳಲು ಬಂದಿದ್ದರು. ಇದನ್ನು ಬರೆಯಲು ಅದೇ ಕಾರಣ.

ನಮ್ಮ ಕಾಫಿ ತೋಟ ಮೂಡಿಗೆರೆ ಕಡೆ, ಹತ್ತಿರ ಹತ್ತಿರ 3,600 ಅಡಿ. ರೊಬಸ್ಟಾ ಏನಿದ್ದರೂ ಕೆಳಗಿನ ಬೆಚ್ಚನೆ ಜಾಗದವರದ್ದು ಅನ್ನುವ ಜಂಬ ನಮಗೆಲ್ಲ ಇತ್ತು. ಆ ಜಂಬ ಇಳಿಸಿದ್ದು ಬೋರರ್, ಅರೇಬಿಕಾದ ಕಾಂಡ ಕೊರೆಯುವ ಹುಳು. 2016ರ ಬಿರುಬೇಸಿಗೆ ನೆನಪಿದೆ ಅಲ್ವಾ? ಅದು ಕಳೆದ ಮೇಲೆ ಮೂರು ಎಕರೆಯ ಒಂದೇ ಬ್ಲಾಕಿನಲ್ಲಿ 600-700 ಗಿಡ ಕಿತ್ತು ಸುಟ್ಟೆವು. ಬೊಡ್ಡೆ ಉಜ್ಜಿದ್ದೂ ಆಯಿತು, ಸುಣ್ಣ ಬಳಿದದ್ದೂ ಆಯಿತು. ಗಿಡ ಹಿಡಿದು ಅಲ್ಲಾಡಿಸಿದರೆ ಲಟಕ್ ಅಂತ ಮುರಿಯುತ್ತಿತ್ತು, ಒಳಗೆಲ್ಲ ಪುಡಿ. ಅಪ್ಪ ಡಿಸೆಂಬರಿನಲ್ಲಿ ಕಣಕ್ಕೆ ಹೋಗುವಾಗ ಕಂಬಳಿ ಹೊದೆಯುತ್ತಿದ್ದರು. ನಾನು ಬನಿಯನ್ನಿನಲ್ಲೇ ಹೋಗುತ್ತೇನೆ. ಚಳಿ ಇಷ್ಟು ಕಡಿಮೆಯಾದ ಮೇಲೆ ರೊಬಸ್ಟಾ ಯಾಕೆ ಬದುಕಬಾರದು ಅಂದುಕೊಂಡೆ.

ಗಿಡ ಬದುಕಿತು. ಕಷ್ಟ ಶುರುವಾದದ್ದು ಆಮೇಲೆ.

ಒಂದು ನರ್ಸರಿಯಿಂದ ಸಿ×ಆರ್ ಅನ್ನುವ ರೊಬಸ್ಟಾ ತಳಿಯ ಕಡ್ಡಿಗಿಡ (ಬೀಜದಿಂದಲ್ಲ, ಕಡ್ಡಿಯಿಂದ ಬೆಳೆಸಿದ್ದು) ತಂದು ಹತ್ತಡಿಗೊಂದು ಇಟ್ಟಿದ್ದೆ. 2020ರಲ್ಲಿ ಹೂ ನೋಡಬೇಕಿತ್ತು, ಗುಡ್ಡಕ್ಕೆ ಬಿಳಿ ಪಂಚೆ ಹೊದಿಸಿದ ಹಾಗೆ. ಕಾಯಿ ಮಾತ್ರ ಗೊಂಚಲಿಗೆ ನಾಲ್ಕೈದು. ನೀರು ಸಾಲಲಿಲ್ಲವೇನೋ ಅಂತ ಮತ್ತೊಂದು ಸುತ್ತು ಜೆಟ್ಟಿನಲ್ಲಿ ಮಳೆಯ ಹಾಗೆ ನೀರು ಹೊಡೆದೆ. ಜೇನುಪೆಟ್ಟಿಗೆ ಹತ್ತು ಇಟ್ಟೆ. ಜೇನು ಸಿಕ್ಕಿತು, ಕಾಯಿ ಸಿಗಲಿಲ್ಲ. ಕೊನೆಗೆ ಗೊತ್ತಾಯಿತು, ಅಷ್ಟೂ ಕಡ್ಡಿ ಒಂದೇ ತಾಯಿಗಿಡದ್ದು. ತನ್ನ ಪರಾಗ ತನಗೇ ಆಗದ ಜಾತಿ ಇದು. ಅರೇಬಿಕಾದವನಿಗೆ ಈ ತಲೆನೋವು ಎಂದೂ ಬಂದಿರಲಿಲ್ಲ, ಅದಕ್ಕೇ ಮರೆತಿದ್ದೆ. ನಾಚಿಕೆಗೇಡು! ಪ್ರತಿ ನಾಲ್ಕನೇ ಸಾಲು ಕಡಿದು, ಬೊಡ್ಡೆಯಿಂದ ನೆಟ್ಟಗೆ ಏಳುವ ಕಂಬಚಿಗುರಿಗೆ ಬೇರೆ ಮೂರು ತರದ ಕಡ್ಡಿ ಕಸಿ ಕಟ್ಟಿಸಿದೆ. ಯಾವ ತೋಟದ ಕಡ್ಡಿ ಅಂತ ಇಲ್ಲಿ ಹೇಳಲ್ಲ.

ಎರಡನೇ ಏಟು ಮರಗಸಿಯಲ್ಲಿ, ಅಂದರೆ ನೆರಳುಮರದ ಕೊಂಬೆ ಕಡಿಸುವಾಗ, ಬಿತ್ತು. ರೊಬಸ್ಟಾಕ್ಕೆ ಬೆಳಕು ಬೇಕು ಅಂತ ನೆರಳು ಜಾಸ್ತಿಯೇ ತೆಗೆಸಿದೆ. ಪಕ್ಕದ ಅರೇಬಿಕಾ ಸಾಲುಗಳಿಗೂ ಬಿಸಿಲು ಬಿತ್ತು, ಬೋರರ್ ಅಲ್ಲಿಗೆ ನುಗ್ಗಿತು. ಆ ವರ್ಷ ಅಂಚಿನ 200 ಗಿಡ ಹೋದವು. ಈಗ ಗಡಿಯಲ್ಲಿ ನೆರಳಿಗೆ ಎರಡು ಸಾಲು ಸಿಲ್ವರ್ ಓಕ್ ಮರ, ನಡುವೆ ಹಾಲುವಾಣದ ಮರ. ಅದನ್ನು ಯಾರೂ ಮುಟ್ಟುವ ಹಾಗಿಲ್ಲ.

ಹಣ್ಣಿನದ್ದು ಇನ್ನೊಂದು ಗೋಳು. ಕೆಳಗಿನವರು ಜನವರಿ ಕೊನೆಗೆ ಕೊಯ್ದು ಮುಗಿಸುತ್ತಾರೆ, ನನ್ನದು ಮಾರ್ಚ್ ಮೊದಲ ವಾರದವರೆಗೂ ಎಳೆಯುತ್ತದೆ. ಅಷ್ಟರಲ್ಲಿ ಮೊಗ್ಗು ಕೂತಿರುತ್ತದೆ, ಕೊಯ್ಯುವವರ ಕೈ ತಾಗಿ ಉದುರುತ್ತದೆ. 2021ರ ಜನವರಿಯಲ್ಲಿ ಸುಮ್ನೆ ಸುರಿದ ಮಳೆಗೆ ಹಣ್ಣಿದ್ದ ಕೊಂಬೆಯಲ್ಲೇ ಹೂ ಬಿಟ್ಟಿತು. ಕೊಯ್ಯಲೂ ಮನಸ್ಸಿಲ್ಲ, ಬಿಡಲೂ ಮನಸ್ಸಿಲ್ಲ. ಈಗ ಎರಡು ಸುತ್ತು ಕೊಯ್ಲು, ಹೂ ಬಿಡಿಸುವ ನೀರು ಮಾರ್ಚ್ ಮಧ್ಯಕ್ಕೆ. ಅದಕ್ಕೆ ಮುಂಚೆ ಎಷ್ಟು ದಿನ ಗಿಡ ಒಣಗಿಸುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ದುಡ್ಡಿನ ಲೆಕ್ಕ ಅಂದಾಜು: ಕೆರೆ ತೆಗೆಸಲು ನಾಲ್ಕು ಲಕ್ಷ, ಪೈಪು-ಪಂಪಿಗೆ ಮೂರು. ಮೊದಲ ಐದು ವರ್ಷ ಬರೀ ಖರ್ಚು. 2024ರಲ್ಲಿ ಎಕರೆಗೆ 18 ಚೀಲದ ಹತ್ತಿರ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಬಂತು. ಆಗ 50 ಕೆಜಿ ಚೀಲಕ್ಕೆ 10 ಸಾವಿರದ ಆಸುಪಾಸು ರೇಟು. ಹಳೇ ರೇಟೇ ಇದ್ದಿದ್ದರೆ ದೊಡ್ಡಪ್ಪ ಜೀಪು ಹತ್ತುತ್ತಿರಲಿಲ್ಲ, ಅದೂ ನಿಜ.

ಎಲ್ಲ ಕಡೆಯೂ ಆಗುತ್ತದೆ ಅಂತಲ್ಲ. ಹಳ್ಳದ ಪಕ್ಕದ ತಗ್ಗಿನಲ್ಲಿ ಇಟ್ಟ 50 ಗಿಡ ಇವತ್ತಿಗೂ ಹಳದಿ. ರಾತ್ರಿ ಚಳಿ ಇಳಿದು ಅಲ್ಲೇ ಕೂರುತ್ತದೆ. ಇಳಿಜಾರಿನ ಮಧ್ಯದವೇ ಗಟ್ಟಿ. ಇನ್ನೂ 300 ಅಡಿ ಮೇಲೆ ಒಂದು ಸಾಲು ಇಟ್ಟು ನೋಡುತ್ತಿದ್ದೇನೆ. ಅಲ್ಲಿ ಸಸಿಗಿಂತ ಮೊದಲು ನವಿಲು ಬಂದು ಕೂತಿದೆ! ನಾನು ಚಿಕ್ಕವನಿದ್ದಾಗ ನವಿಲು ನೋಡಲು ಕೆಳಗೆ ಕಡೂರಿನ ಒಣ ಬಯಲಿಗೆ ಹೋಗಬೇಕಿತ್ತು. ಈಗ ಎಳೆ ಚಿಗುರು ಕುಕ್ಕುತ್ತದೆ ಅಂತ ತೋಟದ ಕೆಲಸ-ಲೆಕ್ಕ ನೋಡುವ ರೈಟರ್ ದಿನಾ ದೂರು ತರುತ್ತಾನೆ.

ದೊಡ್ಡಪ್ಪನಿಗೆ 50 ಸಸಿ ಕೊಟ್ಟೆ. ನಾಲ್ಕೂ ತರದವನ್ನು ಕಲಸಿಯೇ ಕೊಟ್ಟೆ. ಯಾವುದು ಯಾವುದು ಅಂತ ಮಾತ್ರ ಹೇಳಲಿಲ್ಲ.